ರಾಚವ್ವನ ಹೊಲದ ಕೆಂಪು

ನಮ್ಮ ಊರಿನಲ್ಲಿ ತನ್ನ ಹೊಲಕ್ಕೆ ತಾನೇ ಬಿತ್ತಿದರೆ ಬೀಜ ಹುಟ್ಟುವುದಿಲ್ಲ. ಯಾಕೆ ಎಂದು ಕೇಳಬೇಡಿ. ನನಗೆ ಗೊತ್ತಿಲ್ಲ, ನನ್ನ ಅತ್ತೆಗೂ ಗೊತ್ತಿರಲಿಲ್ಲ, ಗೊತ್ತಿದೆ ಎನ್ನುವವರು ಬುರುಡೆ ಬಿಡುತ್ತಾರೆ. ಹೊಲದವಳು ತನ್ನ ಹೊಲವನ್ನು ಹರಗಬಹುದು, ಕಸ ತೆಗೆಯಬಹುದು, ರಾಶಿ ಮಾಡಿ ಮನೆಗೆ ಹೊರಬಹುದು. ಬೀಜ ಮಾತ್ರ ಇನ್ನೊಬ್ಬಳ ಕೈಯಿಂದ, ಎತ್ತು ಎಳೆಯುವ ಬಿತ್ತನೆಯ ಕೂರಿಗೆಯ ಬಟ್ಟಲಿಗೆ ಬೀಳಬೇಕು. ಅದೂ ಹೇಗೆ? ಆ ಕೈಯವಳ ಎದೆಯಲ್ಲಿ ಹೊಲದವಳ ಮೇಲೆ ಎಳ್ಳಷ್ಟು ಸಿಟ್ಟಿರಬಾರದು. ಪೂರಾ ಸಿಟ್ಟಿದ್ದರೆ ಬೀಜ ಮಣ್ಣಿನಲ್ಲಿ ಮಲಗಿಯೇ ಬಿಡುತ್ತದೆ. ಅರೆಬರೆ ಸಿಟ್ಟಿದ್ದರೆ ಅರೆಬರೆ ಪೈರು.

ಅದಕ್ಕೇ ನಮ್ಮಲ್ಲಿ ಬಿತ್ತುವ ಮುಂಜಾನೆ ಎದೆ ತೊಳೆಯುತ್ತೇವೆ. ಬೀಜ ಹಾಕುವವಳು ಬದುವಿನ ಮೇಲೆ ನಿಂತು ಹೊಲದವಳ ಮೇಲೆ ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನೆಲ್ಲ ಅವಳ ಮುಖಕ್ಕೇ ಹೇಳಬೇಕು. ಹೊಲದವಳು ನೀರಿನ ಚರಿಗೆ ಹಿಡಿದು ತುಟಿ ಬಿಚ್ಚದೆ ಕೇಳಬೇಕು. ಹೌದು ಎನ್ನುವಂತಿಲ್ಲ, ಅಲ್ಲ ಎನ್ನುವಂತಿಲ್ಲ. ಎಲ್ಲ ಮುಗಿದ ಮೇಲೆ ಬೀಜ ಹಾಕುವವಳ ಎರಡೂ ಕೈಗೆ ನೀರು ಹೊಯ್ಯಬೇಕು. ಆಮೇಲೆ ಆ ಮಾತನ್ನು ಯಾರೂ ಎತ್ತಬಾರದು. ಬಿತ್ತಿದ್ದನ್ನು ಕೆದಕಬಾರದು ಎಂಬ ಮಾತು ನಮ್ಮಲ್ಲಿ ಹುಟ್ಟಿದ್ದೇ ಹೀಗೆ.

ನನ್ನ ಹೊಲಕ್ಕೆ ಕೈ ರಾಚವ್ವನದು, ಅವಳ ಹೊಲಕ್ಕೆ ಕೈ ನನ್ನದು. ನಾನು ಸೊಸೆಯಾಗಿ ಬಂದ ವರ್ಷದಿಂದ ಹೀಗೇ ನಡೆದುಬಂದಿದೆ. ಕೈ ಬದಲಿಸಿದರೆ ನಮ್ಮ ನೆಲ ಒಂದು ವರ್ಷ ಮುನಿಸಿಕೊಳ್ಳುತ್ತದೆ, ಹಾಗಾಗಿ ಯಾರೂ ಸುಮ್ಮಸುಮ್ಮನೆ ಬದಲಿಸುವುದಿಲ್ಲ. ರಾಚವ್ವ ನನಗಿಂತ ಸ್ವಲ್ಪ ಹಿರಿಯಳು, ಗಂಡ ಇಲ್ಲ, ಇರುವ ಒಂದು ತುಂಡು ಹೊಲದ ಮೇಲೆಯೇ ಅವಳ ಬದುಕು. ಮಾತು ಕಡಿಮೆ. ಮಾತಿನ ಪಾಲನ್ನೆಲ್ಲ ದೇವರು ನನಗೇ ಸುರಿದಿದ್ದಾನೆ. ಎದೆ ತೊಳೆಯುವ ದಿನ ಅವಳು ಹೇಳುತ್ತಿದ್ದದ್ದಾದರೂ ಏನು? “ನಿಂಬೆವ್ವಾ, ನಿನ್ನ ಮೆಣಸಿನಕಾಯಿ ನನ್ನ ಅಂಗಳದಾಗ ಒಣ ಹಾಕ್ತಿ, ಒಂದು ಬೊಗಸಿ ಕೊಡೂದಿಲ್ಲ. ಮಾತಾಡೂವಾಗ ಮೈಮ್ಯಾಲ ಬೀಳ್ತಿ. ಮುಗೀತು.” ನಾನು ಹೇಳುತ್ತಿದ್ದದ್ದು, “ಸಂತಿಗೆ ಕರಕೊಂಡ ಹೋಗ್ತಿ, ಅಲ್ಲಿ ನನ್ನ ಬಿಟ್ಟು ಮುಂದ ಮುಂದ ಹೋಗ್ತಿ. ನಾ ನಗಿಸಿದ್ರೂ ನಗೂದಿಲ್ಲ.” ಇಷ್ಟೇ. ನೀರು ಹೊಯ್ದರೆ ಮುಗಿಯಿತು. ಊರಿನಲ್ಲಿ ಬೇರೆಯವರ ಎದೆ ತೊಳೆಯುವುದು ಮಧ್ಯಾಹ್ನದವರೆಗೂ ನಡೆಯುತ್ತಿದ್ದರೆ ನಮ್ಮ ಕೂರಿಗೆ ಬಿಸಿಲೇರುವ ಮೊದಲೇ ಅರ್ಧ ಹೊಲ ದಾಟಿರುತ್ತಿತ್ತು. ನಮ್ಮಂಥ ಜೋಡಿ ಇಲ್ಲ ಎಂದು ಜನ ಅನ್ನುತ್ತಿದ್ದರು, ನಾನೂ ನಾಚಿಕೆಯಿಲ್ಲದೆ ಹೌದು ಅನ್ನುತ್ತಿದ್ದೆ.

ಹೀಗಿರುವಾಗ ನಮ್ಮ ಸೊಸೈಟಿಯ ಅಧ್ಯಕ್ಷ ಅಡಿವೆಪ್ಪನಿಗೆ ಹೊಸ ಹುಚ್ಚು ಹಿಡಿಯಿತು. ಎಲ್ಲಿಯೋ ಸಭೆಗೆ ಹೋಗಿ ಬಂದವನು, ಇನ್ನು ಮುಂದೆ ನಮ್ಮ ಊರಿನಲ್ಲಿ ನಿಖರ ಬೇಸಾಯ ಎಂದ. ಹಾಗಂದರೆ ಏನು ಎಂದರೆ ಅವನಿಗೂ ನೆಟ್ಟಗೆ ಗೊತ್ತಿಲ್ಲ. ಗೊತ್ತಿದ್ದವಳನ್ನು ಕರೆಸಿದ. ತಬಸ್ಸುಮ್ ಅಂತ ಹೆಸರು, ಪಟ್ಟಣದ ಹುಡುಗಿ, ತಲೆಗೆ ಟೋಪಿ, ಕಾಲಿಗೆ ಮೊಣಕಾಲುದ್ದದ ಬೂಟು. ಜೀಪಿನ ತುಂಬ ಪೆಟ್ಟಿಗೆಗಳು.

ಸೊಸೈಟಿಯ ಗೋದಾಮಿನಲ್ಲಿ ನಮ್ಮನ್ನೆಲ್ಲ ಗೊಬ್ಬರದ ಚೀಲಗಳ ಮೇಲೆ ಕೂರಿಸಿ ಹೇಳಿದಳು, “ನೋಡ್ರೆವ್ವಾ, ನೀವು ಹೊಲ ಒಂದು ಅಂತೀರಿ. ಹೊಲ ಒಂದಲ್ಲ. ಒಂದು ಹೊಲದಾಗ ಹತ್ತು ಹೊಲ ಇರ್ತಾವ. ಒಂದು ಮೂಲ್ಯಾಗ ನೀರು ಹೆಚ್ಚು, ಇನ್ನೊಂದು ಮೂಲ್ಯಾಗ ಗೊಬ್ಬರ ಕಡಿಮಿ. ನೀವು ಇಡೀ ಹೊಲಕ್ಕ ಒಂದೇ ಸಮ ಚೆಲ್ಲಿ ಬರ್ತೀರಿ. ಅದು ಬ್ಯಾಡ. ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು. ಒಮ್ಮೆಲೇ ಎಲ್ಲಾ ಮಾಡಾಕ ಹೋಗಬ್ಯಾಡ್ರಿ. ಮೊದಲ ನಿಮ್ಮ ಹೊಲ ನೀವು ನೋಡ್ರಿ, ಆಮ್ಯಾಲ ಮುಂದಿನ ಮಾತು.”

ನನಗೆ ಆ ಹುಡುಗಿ ಹಿಡಿಸಿದಳು. ಮೊಬೈಲು ಹಿಡಿದುಕೊಂಡು ನಮ್ಮ ನಮ್ಮ ಹೊಲದ ಬದುವಿನಗುಂಟ ಸುತ್ತು ಹಾಕಿರಿ ಎಂದಳು, ಹಾಕಿದೆವು. ಮೊಬೈಲಿನೊಳಗೆ ನಮ್ಮ ಹೊಲದ ಆಕಾರ ತಾನೇ ಮೂಡಿತು. ಮಣ್ಣನ್ನು ಅಲ್ಲಲ್ಲಿ ಅಗೆದು ಪೊಟ್ಟಣ ಕಟ್ಟಿ ಪಟ್ಟಣದ ಪ್ರಯೋಗಾಲಯಕ್ಕೆ ಕಳಿಸಿದಳು. ಮಣ್ಣಿಗೆ ಚುಚ್ಚುವ ಸಲಾಕೆಯಂಥದ್ದನ್ನು ನೆಟ್ಟಳು. ಅದಕ್ಕೆ ಸೆನ್ಸರ್ ಅಂತ ಹೆಸರು, ನೆಲದ ಹಸಿ ಎಷ್ಟಿದೆ ಎಂದು ಕೂತಲ್ಲೇ ಹೇಳುತ್ತದಂತೆ. ನನ್ನ ಗಂಡ ಕಲಕಪ್ಪ ಅದರ ಪಕ್ಕದಲ್ಲೇ ಕಾಲಿನಿಂದ ಮಣ್ಣು ಕೆದರಿ, “ಹಸಿ ಐತಿ ಅಂತ ನಾನೂ ಹೇಳ್ತಿದ್ನಲ್ಲವ್ವಾ, ಪುಕ್ಕಟೆ” ಎಂದ. ಆ ಹುಡುಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಡ್ರೋನ್ ಹಾರಿಸಿದಳು. ಅದರ ಸದ್ದಿಗೆ ಊರಿನ ಎಮ್ಮೆಗಳೆಲ್ಲ ಬಾಲ ಎತ್ತಿಕೊಂಡು ಕೆರೆಗೆ ಬಿದ್ದವು. ಇಷ್ಟೇ ಅಲ್ಲ, ಹಿಂದಿನ ವರ್ಷಗಳಲ್ಲಿ ನಮ್ಮ ಬೆಳೆ ನಿಂತಿದ್ದಾಗ ಆಕಾಶದಲ್ಲಿ ತಿರುಗುವ ಉಪಗ್ರಹ ತೆಗೆದ ಫೋಟೋಗಳೂ ತನ್ನ ಹತ್ತಿರ ಇವೆ ಎಂದಳು. ನಾವು ಹೆಮ್ಮೆಪಟ್ಟುಕೊಂಡೆವು. ನಮ್ಮಂಥವರ ಹೊಲವನ್ನು ಯಾರೋ ಮೇಲಿನಿಂದ ಇಷ್ಟು ವರ್ಷ ನೋಡುತ್ತಿದ್ದರಲ್ಲ ಅಂತ.

ಒಂದು ತಪ್ಪು ನಮ್ಮಿಂದಾಯಿತು. ನಮ್ಮ ಊರಿನ ಪದ್ಧತಿಯನ್ನು ಅವಳಿಗೆ ಯಾರೂ ಹೇಳಲಿಲ್ಲ. ಗಾಳಿ ಬೀಸುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತೇವೆಯೇ? ಇದೂ ಹಾಗೇ.

ಹಿಂಗಾರಿ ಮಳೆ ಹದವಾಗಿ ಬಿದ್ದು, ಜೋಳ ಬಿತ್ತುವುದಕ್ಕೆ ಇನ್ನೇನು ಕೂರಿಗೆ ಹೊರತೆಗೆಯಬೇಕು, ಅಷ್ಟರಲ್ಲಿ ನಕ್ಷೆ ಸಿದ್ಧವಾಯಿತು ಎಂದು ಅಡಿವೆಪ್ಪ ಡಂಗುರ ಹೊಡೆಸಿದ. ಗೋದಾಮಿನ ಗೋಡೆಯ ತುಂಬ ದೊಡ್ಡ ಹಾಳೆ. ನಮ್ಮ ಊರಿನ ಹೊಲಗಳೆಲ್ಲ ಅದರ ಮೇಲಿದ್ದವು, ಒಂದೊಂದರ ಮೇಲೂ ಹೊಲದವರ ಹೆಸರು. ಹಸಿರು, ಹಳದಿ, ಕೆಂಪು. ಚೆಂದ ಕಾಣುತ್ತಿತ್ತು, ಕೌದಿ ಹಾಸಿದ ಹಾಗೆ.

“ಹಸಿರು ಅಂದ್ರ ಬೆಳಿ ಚಲೋ ಬಂದೈತಿ” ಎಂದಳು ತಬಸ್ಸುಮ್. “ಹಳದಿ ಅಂದ್ರ ಅಷ್ಟಕ್ಕಷ್ಟ. ಕೆಂಪು ಇದ್ದಲ್ಲಿ ಪ್ರತಿ ವರ್ಷ ಪೈರು ಸೊರಗೈತಿ. ಬದುವಿನ ಮ್ಯಾಲ ನಿಂತ್ರ ನಿಮಗ ಕಾಣಂಗಿಲ್ಲ, ಮ್ಯಾಲಿಂದ ಎಲ್ಲಾ ಕಾಣ್ತದ. ಯಾವುದೂ ಮುಚ್ಚಿಡಾಕ ಆಗಂಗಿಲ್ಲ!”

ಅವಳು ಹುರುಪಿನಿಂದ ಹೇಳಿದಳು, ಚಪ್ಪಾಳೆ ಬೀಳುತ್ತದೆ ಎಂದುಕೊಂಡಿದ್ದಳೋ ಏನೋ. ನಾವೆಲ್ಲ ಒಬ್ಬರಿಂದೊಬ್ಬರು ಮುಖ ತಪ್ಪಿಸಿ ನೆಲ ನೋಡಿದೆವು. ಅರೆಮನಸ್ಸಿನ ಕೈಗೆ ಅರೆಬೆಳೆ ಎಂದು ಹಾಲು ಕುಡಿಯುವ ಕೂಸಾಗಿದ್ದಾಗಿನಿಂದ ಕೇಳಿ ಬೆಳೆದವರು ನಾವು. ವರ್ಷ ವರ್ಷ ಬದುವಿನ ಮೇಲೆ ನಿಂತು “ಮುಗೀತು, ಇನ್ನೇನಿಲ್ಲ, ಎದಿ ತಿಳಿ ಐತಿ” ಎಂದು ಕೈ ಒಡ್ಡಿದವರು. ಯಾರ ಎದೆ ಎಷ್ಟು ತಿಳಿಯಾಗಿತ್ತು ಎಂಬುದನ್ನು ಈ ಹುಡುಗಿ ಬಣ್ಣ ಹಚ್ಚಿ ಗೋಡೆಗೆ ನೇತುಹಾಕಿಬಿಟ್ಟಿದ್ದಳು.

ಮೊದಲು ಬಾಯಿ ಬಿಟ್ಟವನು ಅಡಿವೆಪ್ಪನೇ. ಅವನ ಹೊಲ ಅರ್ಧಕ್ಕರ್ಧ ಕೆಂಪು. ಬೀಜ ಹಾಕುವವಳು ಅವನ ಸ್ವಂತ ನಾದಿನಿ. “ಏನವ್ವಾ ಇದು? ಇಷ್ಟೊಂದು ಇಟ್ಕೊಂಡಿದ್ದೇನು ಹೊಟ್ಟ್ಯಾಗ?” ಎಂದು ಅವಳ ಕಡೆ ತಿರುಗಿದ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಳು. ಅಲ್ಲಿಂದ ಶುರು. ಯಾರ ಹೊಲ ಯಾರ ಕೈ, ಎಲ್ಲೆಲ್ಲಿ ಕೆಂಪು, ಹುಡುಕಿದ್ದೇ ಹುಡುಕಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವಂತೆ ಕೆಲವರು ಯಾರೂ ಏನೂ ಅನ್ನುವ ಮೊದಲೇ “ನಂದೇನಿಲ್ಲವ್ವಾ” ಎನ್ನುತ್ತ ಹಿಂದೆ ಸರಿದರು. ತಬಸ್ಸುಮ್ ನಡುವೆ ನಿಂತು, “ಅದು ಮಣ್ಣಿನ ಸಮಸ್ಯೆ ಇರಬೋದ್ರೀ! ರಿಪೋರ್ಟ್ ಬರಲಿ ತಡೀರಿ!” ಎಂದು ಕೂಗುತ್ತಿದ್ದಳು. ಯಾರು ಕೇಳಬೇಕು?

ನಾನು ಮುಂದೆ ನುಗ್ಗಿ ನನ್ನ ಹೊಲ ನೋಡಿದೆ. ಆ ಮೂಲೆಯಿಂದ ಈ ಮೂಲೆಯವರೆಗೆ ಹಸಿರು. ರಾಚವ್ವನ ಕೈ! ನನ್ನ ಎದೆ ಉಬ್ಬಿತು. ಪಕ್ಕದಲ್ಲಿ ಅವಳ ಹೊಲ ನೋಡಿದೆ. ನಟ್ಟನಡುವೆ ಕೆಂಪು. ಸಣ್ಣದಲ್ಲ, ಹೊಲದ ಹೊಟ್ಟೆಯ ತುಂಬ, ಸಾರು ಚೆಲ್ಲಿದ ಹಾಗೆ. ಅದು ನನ್ನ ಕೈ ಬಿತ್ತಿದ ಹೊಲ.

ನಿಂತ ನೆಲ ಕುಸಿಯಿತು ಅನ್ನುತ್ತಾರಲ್ಲ, ಅದು ಸುಳ್ಳಲ್ಲ. ಸುತ್ತಲಿನವರು ನನ್ನನ್ನು ನೋಡುತ್ತಿದ್ದರು. ನಮ್ಮಂಥ ಜೋಡಿ ಇಲ್ಲ ಅಂದ ಬಾಯಿಗಳೇ ಈಗ ಸೆರಗಿನ ಮರೆಯಲ್ಲಿ ಗುಸುಗುಸು ಎನ್ನುತ್ತಿದ್ದವು. ತಿರುಗಿದರೆ ರಾಚವ್ವ ಹಿಂದೆಯೇ ನಿಂತಿದ್ದಾಳೆ. ಅವಳೂ ಆ ಕೆಂಪನ್ನೇ ನೋಡುತ್ತಿದ್ದಾಳೆ.

“ರಾಚಿ, ನನ್ನ ಎದಿಯಾಗ ಏನೂ ಇಲ್ಲ” ಎಂದೆ. “ನಮ್ಮಪ್ಪನಾಣೆ ಇಲ್ಲ.”

ಅವಳು ಆ ಕೆಂಪಿನ ಮೇಲೆ ಬೆರಳಾಡಿಸಿದಳು. ಆಮೇಲೆ, “ಇದ್ರ ಹೇಳಬೇಕಾಗಿತ್ತು ನಿಂಬಿ” ಎಂದು ಹೊರಟುಹೋದಳು.

ಅವತ್ತಿನಿಂದ ಊರಿಗೆ ಊರೇ ಎದೆ ತೊಳೆಯುವುದಕ್ಕೆ ನಿಂತಿತು. ಬದುವಿನವರೆಗೆ ಹೋಗುವ ತಾಳ್ಮೆಯೂ ಇಲ್ಲದೆ ಕಟ್ಟೆಯ ಮೇಲೆ, ನೀರಿನ ನಲ್ಲಿಯ ಹತ್ತಿರ, ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರಿಗೊಬ್ಬರು ಹಳೆಯದನ್ನೆಲ್ಲ ಹೇಳಿಕೊಂಡರು. ಕೆಲವರು ಅತ್ತು ತಬ್ಬಿಕೊಂಡರು. ಕೆಲವರು ಜುಟ್ಟು ಹಿಡಿದರು. ತಬಸ್ಸುಮ್ ಇದೆಲ್ಲ ಬದುವಿನ ಜಗಳ ಎಂದು ತಿಳಿದು, ಮೊಬೈಲಿನಲ್ಲಿ ಎಲ್ಲರ ಗಡಿ ಸರಿಯಾಗಿ ಗುರುತಾಗಿದೆ ಎಂದು ಮನೆ ಮನೆಗೆ ಹೋಗಿ ಸಮಾಧಾನ ಮಾಡಿದಳು, ಪಾಪ.

ರಾಚವ್ವನಿಗೆ ಬೇರೆಯವರು ಬುದ್ಧಿ ಹೇಳಿದರು, ಈ ಸಲ ಕೈ ಬದಲಿಸು, ಒಂದು ವರ್ಷ ಬೆಳೆ ಹೋದರೆ ಹೋಗಲಿ ಎಂದು. ಒಂದು ವರ್ಷದ ಬೆಳೆ ಹೋದರೆ ಅವಳು ಉಣ್ಣುವುದೇನು? ಅವಳು ನನ್ನ ಮನೆಗೆ ಬಂದು ಹೊಸಿಲಿನ ಹೊರಗೇ ನಿಂತಳು. ಯಾವತ್ತೂ ಹಾಗೆ ನಿಂತವಳಲ್ಲ.

“ನನಗ ನಿನ್ನ ಕೈನೇ ಬೇಕು” ಎಂದಳು. “ಆದ್ರ ಎಲ್ಲಾ ಹೇಳಿ ಬಿತ್ತು. ಒಳಗ ಏನೂ ಇಟ್ಕೋಬ್ಯಾಡ. ನಾ ಕೇಳ್ತೀನಿ, ನನಗೇನೂ ಆಗಂಗಿಲ್ಲ.”

“ಇದ್ರ ತಾನೇ ಹೇಳೂದು!” ನನಗೆ ಸಿಟ್ಟು ನೆತ್ತಿಗೇರಿತ್ತು. “ಆ ಹಾಳಿ ಮ್ಯಾಲಿನ ಬಣ್ಣ ನಂಬ್ತಿ, ನನ್ನ ನಂಬೂದಿಲ್ಲ?”

“ನನ್ನ ಕಣ್ಣ ನಾ ನಂಬಬ್ಯಾಡೇನು? ಹೊಲದ ಹೊಟ್ಟಿ ತುಂಬ ಐತಿ. ಅಷ್ಟು ದೊಡ್ಡದು ಏನೋ ಐತಿ ನಿಂಬಿ. ನೆನಪ ಮಾಡ್ಕೋ.”

ನೆನಪು ಮಾಡಿಕೊಂಡೆ. ಅಯ್ಯೋ, ಅದೆಂಥ ಹಿಂಸೆ ಅಂತೀರಿ! ರೊಟ್ಟಿ ಬಡಿಯುವಾಗ, ಕಟ್ಟಿಗೆ ಆರಿಸುವಾಗ, ನಿದ್ದೆ ಹತ್ತುವ ಮುಂಚೆ, ರಾಚವ್ವ ನನಗೆ ಏನು ಮಾಡಿದ್ದಾಳೆ, ಏನು ಮಾಡಿದ್ದಾಳೆ ಎಂದು ಹುಡುಕಿದೆ. ಸಂತೆಯಲ್ಲಿ ಬಿಟ್ಟು ಹೋದದ್ದು ಬಿಟ್ಟರೆ ಏನೂ ಸಿಗಲಿಲ್ಲ. ಅವಳ ಮೇಲೆ ಸಿಟ್ಟಿಲ್ಲ ಎಂಬುದೇ ನನ್ನ ಅಪರಾಧವಾಗಿತ್ತು. ಗಂಡನನ್ನು ಕೇಳಿದೆ. ಕಲಕಪ್ಪ ಎತ್ತಿಗೆ ಮೇವು ಹಾಕುತ್ತ, “ಇಲ್ಲದ್ದನ್ನ ಹುಡುಕಬ್ಯಾಡ. ಹುಡುಕಿದ್ರ ಸಿಗ್ತೈತಿ” ಎಂದ. ಹೋಗಿ ಹೋಗಿ ಅವನನ್ನು ಕೇಳಿದೆನಲ್ಲ ಎಂದು ಬೈದುಕೊಂಡೆ.

ಬಿತ್ತುವ ಮುಂಜಾನೆ ಬಂತು. ಎತ್ತು ಹೂಡಿ ಕೂರಿಗೆ ಹಿಡಿದು ಕಲಕಪ್ಪ ದೂರದಲ್ಲಿ ನಿಂತ. ಉಡಿಯಲ್ಲಿ ಜೋಳ ಕಟ್ಟಿಕೊಂಡು ನಾನು ಬದುವಿನ ಮೇಲೆ. ಎದುರಿಗೆ ಚರಿಗೆ ಹಿಡಿದ ರಾಚವ್ವ. ಹಿಂದಿನ ವರ್ಷಗಳಲ್ಲಿ ಇಲ್ಲದ ಜನ ಈ ಸಲ ಸುತ್ತಲ ಬದುಗಳ ಮೇಲೆ ನೆರೆದಿದ್ದರು. ಕೆಂಪು ಹೊಲಕ್ಕೆ ಏನು ಹೇಳುತ್ತಾಳೋ ಕೇಳೋಣ ಎಂದು.

ಸಂತೆಯ ಮಾತು ಹೇಳಿದೆ. ನಗುವುದಿಲ್ಲ ಎಂದೆ. ನನ್ನ ಬಾಣಂತನದಲ್ಲಿ ತಂದ ಅಂಟಿನುಂಡೆಗೆ ಬೆಲ್ಲ ಕಡಿಮೆ ಇತ್ತು ಎಂದೆ. ರಾಚವ್ವ ಚರಿಗೆ ಎತ್ತಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು, ಇನ್ನೂ ಇದೆ ಎನ್ನುವಂತೆ. ಜನರೂ ಕಾಯುತ್ತಿದ್ದರು. ಬಿಸಿಲು ಏರುತ್ತಿತ್ತು, ನೆಲದ ಹದ ಆರುತ್ತಿತ್ತು. ನನ್ನ ನಾಲಿಗೆಗೆ ಎಲುಬಿಲ್ಲ, ಅದಂತೂ ಊರಿಗೇ ಗೊತ್ತು. ಆ ಕೆಂಪಿನ ಅಳತೆಗೆ ಸರಿಹೊಂದುವಂಥದ್ದು ಏನಾದರೂ ಹೇಳಿ ಮುಗಿಸಬೇಕಾಗಿತ್ತು ನನಗೆ. ಏನಾದರೂ.

“ನನ್ನ ಮಗಳ ಮದುವಿ ಮುರಿದದ್ದು ನೀನು” ಎಂದೆ.

ಆ ಕಥೆ ಇಷ್ಟು. ನನ್ನ ಮಗಳು ಶಶಿಕಲಾಳನ್ನು ನೋಡಲು ಮೊದಲ ಸಲ ಬಂದ ಗಂಡಿನವರು ಒಪ್ಪಿ ಎಲೆಅಡಿಕೆಯನ್ನೂ ತೆಗೆದುಕೊಂಡು ಹೋಗಿ, ಆಮೇಲೆ ಬೇಡ ಅಂದರು. ಹುಡುಗಿಗೆ ಮೂರ್ಛೆರೋಗ ಇದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೆಂಗಸು ಅವರಿಗೆ ಹೇಳಿದಳಂತೆ. ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ರಾಚವ್ವನೂ ಇದ್ದಳು ಎಂದು ಒಬ್ಬರು ನನ್ನ ಕಿವಿಯಲ್ಲಿ ಊದಿದ್ದರು. ಊದಿದವರಿಗೆ ನಾನು ಅಲ್ಲೇ ಉಗಿದು ಕಳಿಸಿದ್ದೆ. ಮಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಸಿಕ್ಕಿತು, ಸುಖವಾಗಿದ್ದಾಳೆ. ಅವತ್ತಿನಿಂದ ಆ ಬಿತ್ತುವ ಮುಂಜಾನೆಯವರೆಗೆ ನಾನು ಆ ಮಾತನ್ನು ಒಂದು ಗಳಿಗೆಯೂ ನಂಬಿರಲಿಲ್ಲ, ನೆನೆಸಿಕೊಂಡಿರಲೂ ಇಲ್ಲ. ಆವತ್ತು ಬದುವಿನ ಮೇಲೆ ನಿಂತು, ಇಡೀ ಊರು ಕೇಳುವಂತೆ ಹೇಳಿದೆ. “ಬಸ್‌ಸ್ಟ್ಯಾಂಡಿನ್ಯಾಗ ನಿಂತು ನನ್ನ ಮಗಳಿಗೆ ಮೂರ್ಛೆರೋಗ ಅಂತ ಹೇಳಿದವಳು ನೀನು. ಅದ ನನ್ನ ಎದಿಯಾಗ ಐತಿ. ಇನ್ನೇನಿಲ್ಲ, ಮುಗೀತು.”

ಯಾರೋ “ಎವ್ವಾ!” ಎಂದರು. ರಾಚವ್ವನ ಮುಖದ ರಕ್ತ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ತುಟಿ ಒಮ್ಮೆ ಅಲುಗಿತು. ಹೊಲದವಳು ಮಾತಾಡುವಂತಿಲ್ಲ. ಅವಳು ಚರಿಗೆ ಎತ್ತಿ ನನ್ನ ಕೈಗೆ ನೀರು ಹೊಯ್ದಳು.

ಕೂರಿಗೆಯ ಹಿಂದೆ ಹೊರಟೆ. ಮುಷ್ಟಿಯಿಂದ ಬಟ್ಟಲಿಗೆ ಕಾಳು ಬಿಡುತ್ತ ಮೊದಲ ಸಾಲು ಮುಗಿಸುವಾಗ, ಸದ್ಯ, ಒಂದು ಸುಳ್ಳು ಹೇಳಿ ಪಾರಾದೆ ಎಂದುಕೊಂಡೆ. ಎರಡನೆಯ ಸಾಲಿನಲ್ಲಿ, ನೀರು ಹೊಯ್ಯುವಾಗ ಅವಳ ಕೈ ನಡುಗಲಿಲ್ಲವಲ್ಲ ಎಂದು ಹೊಳೆಯಿತು. ಏನೂ ಮಾಡದವಳಾಗಿದ್ದರೆ ನಡುಗಬೇಡವೇ? ಅಥವಾ ಮಾಡಿದವಳಾಗಿದ್ದರೆ ನಡುಗಬೇಕಿತ್ತೇ? ತುಟಿ ಅಲುಗಿದ್ದು ಯಾಕೆ? ಆವತ್ತು ಅವಳು ಬಸ್‌ಸ್ಟ್ಯಾಂಡಿಗೆ ಹೋಗಿದ್ದಾದರೂ ಯಾಕೆ? ಅವಳಿಗೆ ಯಾವ ಊರಲ್ಲಿ ಯಾರಿದ್ದಾರೆ? ಹೊಲದ ನಡುವೆ ಬರುವ ಹೊತ್ತಿಗೆ ನನ್ನ ಕೈ ಬೆವರಿ ಕಾಳು ಅಂಟುತ್ತಿತ್ತು. ನಾನೇ ಹುಟ್ಟಿಸಿದ ಮಾತು, ಆಗಲೇ ನನ್ನನ್ನೇ ನುಂಗುತ್ತಿತ್ತು. ಕೇಳೋಣವೆಂದರೆ ಬಿತ್ತಿದ್ದನ್ನು ಕೆದಕುವಂತಿಲ್ಲ.

ಮಾರನೆಯ ದಿನ ನನ್ನ ಹೊಲ. ಈಗ ಬದುವಿನ ಮೇಲೆ ಅವಳು, ಚರಿಗೆ ಹಿಡಿದು ನಾನು. ಬೆಂಕಿ ಉಗುಳುತ್ತಾಳೆ ಎಂದು ಜನ ಇನ್ನೂ ಹೆಚ್ಚು ನೆರೆದಿದ್ದರು. ಉಗುಳಲಿ ಎಂದೇ ನಾನೂ ಹಲ್ಲು ಕಚ್ಚಿ ನಿಂತಿದ್ದೆ. ರಾಚವ್ವ ಎಂದಿನ ದನಿಯಲ್ಲೇ ಹೇಳಿದಳು, “ನಿಂಬೆವ್ವಾ, ಮೆಣಸಿನಕಾಯಿ ನನ್ನ ಅಂಗಳದಾಗ ಒಣ ಹಾಕ್ತಿ, ಒಂದು ಬೊಗಸಿ ಕೊಡೂದಿಲ್ಲ. ಮಾತಾಡೂವಾಗ ಮೈಮ್ಯಾಲ ಬೀಳ್ತಿ. ಮುಗೀತು.” ಕೈ ಒಡ್ಡಿದಳು. ಇದು ಸುಳ್ಳು, ಶುದ್ಧ ಸುಳ್ಳು, ನನ್ನ ಹೊಲದಲ್ಲಿ ಈ ಸಲ ಒಂದು ಕಡ್ಡಿಯೂ ಹುಟ್ಟುವುದಿಲ್ಲ ಎಂದು ನನಗೂ ಖಾತ್ರಿಯಾಯಿತು, ನೋಡಿದವರಿಗೂ ಖಾತ್ರಿಯಾಯಿತು. ಆದರೂ ನೀರು ಹೊಯ್ದೆ, ಹೊಯ್ಯದೆ ಏನು ಮಾಡಲಿ?

ಕೂರಿಗೆ ಒಳಗಿಟ್ಟ ಮೇಲೆ ತಬಸ್ಸುಮ್ ಜೀಪಿನಲ್ಲಿ ಬಂದಳು. ಪ್ರಯೋಗಾಲಯದಿಂದ ಮಣ್ಣಿನ ರಿಪೋರ್ಟ್ ಬಂದಿತ್ತು. ನಾನು ಮತ್ತು ರಾಚವ್ವ ಸೊಸೈಟಿಯ ಕಟ್ಟೆಯ ಎರಡು ತುದಿಯಲ್ಲಿ ಕೂತಿದ್ದೆವು, ನಡುವೆ ಅವಳು ಕೂತು ರಾಚವ್ವನಿಗೆ ಬಿಡಿಸಿ ಹೇಳಿದಳು. “ಅಮ್ಮಾ, ನಿಮ್ಮ ಹೊಲದ ನಡುವ ತಗ್ಗು ಐತಿ. ಮಳಿ ನೀರು ನಿಂತು ನಿಂತು ಅಷ್ಟು ಜಾಗ ಉಪ್ಪು ಏರಿ ಸವುಳು ಆಗೈತಿ. ಜಿಂಕ್ ಅನ್ನೂ ಸತ್ವನೂ ಅಲ್ಲಿ ಕಡಿಮಿ. ಅದಕ್ಕ ಪೈರು ಸೊರಗ್ತಿತ್ತು. ಇಡೀ ಹೊಲಕ್ಕ ಏನೂ ಬ್ಯಾಡ, ಅಷ್ಟಕ್ಕ ಮಾತ್ರ ಜಿಪ್ಸಮ್ ಹಾಕಿ, ಸ್ವಲ್ಪ ಜಿಂಕ್ ಹಾಕಿದ್ರ ಸರಿ ಹೋಗ್ತದ. ಬ್ಯಾರೆ ಏನೂ ಇಲ್ಲ.”

“ಬ್ಯಾರೆ ಏನೂ ಇಲ್ಲ?” ಎಂದೆ ನಾನು.

“ಏನೂ ಇಲ್ರೀ. ಬರೇ ಉಪ್ಪು.”

ಬರೇ ಉಪ್ಪು! ಕೆನ್ನೆಗೆ ಹೊಡೆದಿದ್ದರೂ ಅಷ್ಟು ಆಗುತ್ತಿರಲಿಲ್ಲ. ಇಷ್ಟು ವರ್ಷದ ನಂಟನ್ನು ನಾನು ಊರ ಮುಂದೆ ಕೊಚ್ಚಿ ಹಾಕಿದ್ದು ಉಪ್ಪಿಗಾಗಿಯೇ? ರಾಚವ್ವನ ಕಡೆ ನೋಡುವ ಧೈರ್ಯವಾಗಲಿಲ್ಲ. ಅವಳು ಎದ್ದು, ಜಿಪ್ಸಮ್ ಎಲ್ಲಿ ಸಿಗುತ್ತದೆ ಎಂದು ಆ ಹುಡುಗಿಯನ್ನು ಕೇಳುತ್ತ ಗೋದಾಮಿನೊಳಗೆ ಹೋದಳು.

ಜೋಳ ಹುಟ್ಟುವ ಹೊತ್ತಿಗೆ ನನಗೆ ಅನ್ನ ನೀರು ಸೇರುತ್ತಿರಲಿಲ್ಲ. ಕಲಕಪ್ಪ ನಸುಕಿನಲ್ಲೇ ಹೊಲಕ್ಕೆ ಹೋದವನು ಓಡಿಬಂದ. ಓಡುವ ಪೈಕಿಯ ಮನುಷ್ಯನಲ್ಲ ಅವನು. “ಬಾ ಇಲ್ಲಿ” ಎಂದ, ಅಷ್ಟೇ. ಅವನ ಹಿಂದೆ ಹೋದೆ.

ನನ್ನ ಹೊಲ ಹುಟ್ಟಿತ್ತು. ಸಾಲು ತಪ್ಪದೆ, ಒಂದು ಕಾಳೂ ಹುಸಿ ಹೋಗದೆ, ಈ ಬದುವಿನಿಂದ ಆ ಬದುವಿನವರೆಗೆ. ಪಕ್ಕದಲ್ಲಿ ರಾಚವ್ವನ ಹೊಲ ಬರಿದಾಗಿತ್ತು. ತಗ್ಗು ಅಷ್ಟೇ ಅಲ್ಲ, ನಕ್ಷೆಯಲ್ಲಿ ಹಸಿರಿದ್ದ ಕಡೆಯೂ ಒಂದು ಮೊಳಕೆ ಇಲ್ಲ. ಇಡೀ ಹೊಲ, ಉತ್ತು ಬಿಟ್ಟ ಹಾಗೆ ಕರ್ರಗೆ. ತಬಸ್ಸುಮ್ ಆಗಲೇ ಬಂದು ಅದರ ನಡುವೆ ಮೊಣಕಾಲೂರಿ ಕೂತಿದ್ದಳು. ಸಲಾಕೆ ಚುಚ್ಚಿ ನೋಡುತ್ತಾಳೆ, ಮೊಬೈಲು ನೋಡುತ್ತಾಳೆ, ಕಾಳು ಬಗೆದು ತೆಗೆದು ಹಿಚುಕಿ ನೋಡುತ್ತಾಳೆ. “ಹಸಿ ಸರಿ ಐತಿ, ಬಿಸಿ ಸರಿ ಐತಿ, ಬೀಜ ಎರಡೂ ಹೊಲಕ್ಕ ಒಂದೇ ಚೀಲದ್ದು” ಎಂದಳು. ಅವಳ ಮುಖ ಬಿಳಿಚಿಕೊಂಡಿತ್ತು. “ಉಪ್ಪು ಇರೂದು ತಗ್ಗಿನಾಗ ಮಾತ್ರ. ಉಳಿದದ್ದು ಯಾಕ ಹುಟ್ಟಲಿಲ್ಲ? ನನಗ ತಿಳಿವಲ್ದು ಅಮ್ಮಾ, ಖರೇನ ತಿಳಿವಲ್ದು.”

ನನಗೆ ತಿಳಿದಿತ್ತು. ಊರ ಮುಂದೆ ನಾನು ಹಾಗೆಂದ ಮರುದಿನವೇ, ರಾಚವ್ವ ನನ್ನ ಹೊಲಕ್ಕೆ ಕಾಳು ಬಿಡುವಾಗ ಅವಳ ಎದೆಯಲ್ಲಿ ನನ್ನ ಮೇಲೆ ಏನೂ ಇರಲಿಲ್ಲ. ಮೆಣಸಿನಕಾಯಿ, ಮೈಮೇಲೆ ಬೀಳುವುದು, ಮುಗಿಯಿತು. ಖರೇ ಮುಗಿದಿತ್ತು. ಆ ಮಾತನ್ನು ಅವಳು ನನ್ನ ಮಾತೆಂದು ತೆಗೆದುಕೊಂಡೇ ಇರಲಿಲ್ಲ, ಗೋಡೆಯ ಮೇಲಿನ ಕೆಂಪು ಆಡಿಸಿದ ಮಾತೆಂದು ಬಿಟ್ಟುಬಿಟ್ಟಿದ್ದಳು. ಮಾಡಿದವಳ ಎದೆ ಅಷ್ಟು ತಿಳಿಯಾಗಿರುತ್ತದೆಯೇ? ಸುಳ್ಳು ಹೇಳಿದ ನನ್ನ ಕೈ ಮಾತ್ರ, ಆ ಸುಳ್ಳನ್ನೇ ನಂಬಿ, ಅವಳ ಹೊಟ್ಟೆಯ ಮೇಲೆ ಹೊಡೆದಿತ್ತು. ನಾನು ನನ್ನ ಹಸಿರು ಹೊಲದ ಬದುವಿನ ಮೇಲೆ ಕುಕ್ಕರಿಸಿ ಬೋರೆಂದು ಅತ್ತೆ. ಬೆಳೆ ಬಂದದ್ದಕ್ಕೆ ಅತ್ತವಳು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ರಾಚವ್ವ ಬಂದಳು. ತಲೆಯ ಮೇಲೆ ಜಿಪ್ಸಮ್ ಚೀಲ. ಅದನ್ನು ತಗ್ಗಿನ ಅಂಚಿಗೆ ಇಳಿಸಿ, ತನ್ನ ಹೊಲ ನೋಡಿದಳು, ನನ್ನ ಹೊಲ ನೋಡಿದಳು. ಮುಖದಲ್ಲಿ ಏನೂ ಇಲ್ಲ.

“ಜೋಳದ ಹದ ಹೋತು” ಎಂದಳು. “ಕಡ್ಲಿಗೆ ಇನ್ನೂ ಐತಿ. ಉಪ್ಪು ಇದ್ದಲ್ಲಿ ಇದನ್ನ ಚೆಲ್ಲಿ, ನಾಳಿ ಕಡ್ಲಿ ಬಿತ್ತೂಣು. ನಿನ್ನ ಕೈಲೇ.”

“ನನ್ನ ಕೈಲೆ? ಇದನ್ನ ನೋಡಿದ ಮ್ಯಾಲೂ?”

“ಬ್ಯಾರೆ ಯಾರ ಕೈ ಐತಿ ನನಗ?”

ಮರುದಿನ ಬದುವಿನ ಮೇಲೆ ಜನ ಇದ್ದರೋ ಇಲ್ಲವೋ, ನಾನು ನೋಡಲಿಲ್ಲ. ಉಡಿಯಲ್ಲಿ ಕಡಲೆ. ಎದುರಿಗೆ ಚರಿಗೆ ಹಿಡಿದ ಅವಳು. ಏನು ಹೇಳಲಿ? ಏನೂ ಇಲ್ಲ ಎಂದರೆ ನನ್ನನ್ನು ನಾನೇ ನಂಬುವುದಿಲ್ಲ. ಬಸ್‌ಸ್ಟ್ಯಾಂಡಿನ ಮಾತನ್ನು ವಾಪಸು ತೆಗೆದುಕೊಳ್ಳೋಣವೆಂದರೆ ಕೆದಕುವಂತಿಲ್ಲ. ಎದೆಯೊಳಗೆ ಕೈ ಹಾಕಿ ಹುಡುಕಿದೆ. ಈ ಸಲ ಹುಡುಕುವುದೇ ಬೇಕಾಗಲಿಲ್ಲ, ಬಾಗಿಲಲ್ಲೇ ನಿಂತಿತ್ತು. ಇತ್ತು, ಅವಳ ಮೇಲೆ ನನಗೆ ಸಿಟ್ಟಿತ್ತು, ಹಿಂದೆಂದೂ ಇಲ್ಲದಷ್ಟು.

“ರಾಚಿ” ಎಂದೆ, “ನಿನಗ ನನ್ನ ಮ್ಯಾಲ ಸಿಟ್ಟು ಯಾಕ ಬರಲಿಲ್ಲ? ಊರ ಮುಂದ ಅಂಥಾ ಮಾತು ಅಂದೆ, ನಿನಗ ಏನೂ ಅನಿಸಲಿಲ್ಲ? ನನ್ನ ಮಾತಿಗೆ ಅಷ್ಟೂ ಬೆಲಿ ಇಲ್ಲೇನ? ನನ್ನ ಹೊಲ ಹುಟ್ಟಿಸಿ ಕೊಟ್ಟು ನನ್ನ ಕೊಂದಿ ನೀನು. ನೀ ದೇವರಾಗಿ ನಿಂತಿ, ನಾ ಏನಾಗಲಿ? ಒಂದು ಹಿಡಿ ಸಿಟ್ಟು ಬಂದಿದ್ರ, ನನ್ನ ಹೊಲಾನೂ ಬರಿದಾಗಿದ್ರ, ಇಬ್ಬರೂ ಕೂಡಿ ಉಪವಾಸ ಇರ್ತಿದ್ದಿವಿ. ಅದೂ ಬ್ಯಾಡಾತು ನಿನಗ. ಇದಕ್ಕ ನನಗ ನಿನ್ನ ಮ್ಯಾಲ ಸಿಟ್ಟೈತಿ. ಬಾಳ ಸಿಟ್ಟೈತಿ!”

ಹೇಳುತ್ತ ಹೇಳುತ್ತ ನನ್ನ ಉಸಿರು ಮುಗಿಯಿತು. ಇನ್ನೇನೂ ಉಳಿದಿರಲಿಲ್ಲ. ಇದೇ ಕೊನೆ ಎಂದು ನನ್ನ ಮೈಗೆ ಗೊತ್ತಾಯಿತು. ಕೈ ಒಡ್ಡಿದೆ.

ರಾಚವ್ವ ನೀರು ಹೊಯ್ಯಲಿಲ್ಲ. ಚರಿಗೆಯನ್ನು ಬಾಗಿ ಬದುವಿನ ಮೇಲಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಒಂದು ಹೆಜ್ಜೆ ಮುಂದೆ ಬಂದು ನನ್ನ ಕೆನ್ನೆಗೆ ಛಟೀರನೆ ಬಾರಿಸಿದಳು. ದೂರದಲ್ಲಿದ್ದ ಎತ್ತುಗಳು ಕತ್ತೆತ್ತಿ ನೋಡಿದವು. ನನ್ನ ಕಿವಿ ಗುಂಯ್ ಎಂದಿತು, ಕಣ್ಣಲ್ಲಿ ನೀರು ಚಿಮ್ಮಿತು, ಉಡಿಯಿಂದ ನಾಲ್ಕು ಕಡಲೆ ಉದುರಿದವು.

ಹೊಲದವಳು ಮಾತಾಡುವಂತಿಲ್ಲ. ಅವಳು ಮಾತಾಡಿರಲಿಲ್ಲ. ಏದುಸಿರು ಮಾತ್ರ ಬಿಡುತ್ತಿದ್ದಳು, ಮುಖ ಕೆಂಪೇರಿತ್ತು, ಇಷ್ಟು ವರ್ಷದಲ್ಲಿ ನಾನು ಅವಳ ಕಣ್ಣಲ್ಲಿ ನೀರು ನೋಡಿದ್ದು ಅವತ್ತೇ ಮೊದಲು. ಆಮೇಲೆ ಅವಳು ಬಾಗಿ ಚರಿಗೆ ತೆಗೆದುಕೊಂಡು, ಒಂದು ಹನಿಯೂ ಉಳಿಸದೆ, ನನ್ನ ಎರಡೂ ಕೈಗೆ ನೀರು ಹೊಯ್ದಳು.

ಕಲಕಪ್ಪ ಎತ್ತಿಗೆ ಸನ್ನೆ ಮಾಡಿದ. ಉರಿಯುವ ಕೆನ್ನೆಯ ಮೇಲೆ ಸೆರಗು ಎಳೆದುಕೊಂಡು ನಾನು ಕೂರಿಗೆಯ ಹಿಂದೆ ನಡೆದೆ. ಮುಷ್ಟಿ ಹಗುರಾಗಿತ್ತು, ಕಾಳು ಒಂದೊಂದೇ ಸಲೀಸಾಗಿ ಜಾರುತ್ತಿತ್ತು.